ರಾಯಭಾರ ಕಚೇರಿಯೊಳಗ ಟೆಲೆಕ್ಸ್ ಬಿಲ್ಲು ಇಳಿಸಿದ್ದು: ನನ್ನ ಅನುಭವ

ಮೊಮ್ಮಗಳು ಧಾರವಾಡದ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಪರೀಕ್ಷೆಗೆ ಓದಾಕತ್ತಾಳ. ಮೊನ್ನೆ ಮನಿಗೆ ಬಂದಾಕಿ ರಾಯಭಾರ ಸಂಬಂಧದ 1961ರ ವಿಯೆನ್ನಾ ಒಪ್ಪಂದದ ನೋಟ್ಸ್ ಹಿಡ್ಕೊಂಡು, "ಅಜ್ಜಾ, ಡಿಪ್ಲೊಮ್ಯಾಟಿಕ್ ಬ್ಯಾಗ್ ಅಂದ್ರ ಖರೇನ ಚೀಲ ಏನು?" ಅಂತ ಕೇಳಿದ್ಳು. ಖರೇನ ಚೀಲವ್ವಾ, ರಾಯಭಾರ ಕಚೇರಿಯ ಕಾಗದ-ಪತ್ರ ಒಯ್ಯೂ ಸೀಲ್ ಹಾಕಿದ ಚೀಲ, 27ನೇ ಕಲಮಿನ ಪ್ರಕಾರ ಅದನ್ನ ಯಾರೂ ಬಿಚ್ಚಂಗಿಲ್ಲ, ತಡದು ಇಟ್ಕೊಳ್ಳಂಗಿಲ್ಲ ಅಂದೆ. ಆಮ್ಯಾಲ ಆ ಚೀಲ ಒಂದು ಕಾಲಕ್ಕ ನಮ್ಮ ಕಚೇರಿ ಎಷ್ಟು ರೊಕ್ಕ ಉಳಿಸಿತ್ತು ಅಂತ ಹೇಳಾಕ ಹೋದ್ರ ಒಂದು ತಾಸು ಆತು. ಅದನ್ನ ಇಲ್ಲಿ ಬರಿಯಾಕತ್ತೀನಿ. ದೇಶದ ಹೆಸರು ಹೇಳಂಗಿಲ್ಲ, ಸಂಕೇತದ ಒಳಗಿನ ಮಾತು ಹೇಳಂಗಿಲ್ಲ, ಖರ್ಚಿನ ಮಾತು ಅಷ್ಟ.

ನಾ ಗದಗದಾಂವ. ನಮ್ಮಪ್ಪ ಹತ್ತಿ ಅಡತಿ ಅಂಗಡಿಯೊಳಗ ಗುಮಾಸ್ತ ಇದ್ದ, ಜಯಧರ ಹತ್ತಿ ರೇಟು ಮುಂಬೈಗೆ ತಾರ್, ಅಂದ್ರ ಟೆಲಿಗ್ರಾಂ, ಹೊಡಿಯೂದು ಅವನ ಕೆಲಸ. ತಾರಿಗೆ ಶಬ್ದ ಎಣಿಸಿ ರೊಕ್ಕ, ವಿಳಾಸಕ್ಕೂ ರೊಕ್ಕ, ಅದಕ್ಕ ದೊಡ್ಡ ಅಂಗಡಿಯವರೆಲ್ಲಾ ಒಂದ ಶಬ್ದದ ತಾರ್ ವಿಳಾಸ ರಿಜಿಸ್ಟರ್ ಮಾಡಿಸಿ ಲೆಟರ್‌ಹೆಡ್ ಮ್ಯಾಲ "ಗ್ರಾಮ್ಸ್" ಅಂತ ಛಾಪಿಸ್ತಿದ್ರು. ಅಪ್ಪ ಫಾರಂ ತುಂಬಿ ಬಟ್ಟಿನ ಮ್ಯಾಲ ಎಣಿಸಿ, ಒಂದೆರಡು ಶಬ್ದ ಹೊಡದು ಹಾಕಿ, ಮತ್ತ ಓದಿ ನೋಡಿ ಆಮ್ಯಾಲ ಕೌಂಟರಿಗೆ ಹೋಗ್ತಿದ್ದ. ಮುಂದ ನಾ ಪರೀಕ್ಷೆ ಪಾಸಾಗಿ ದಿಲ್ಲಿಗೆ ವಿದೇಶಾಂಗ ಇಲಾಖೆಯ ಸೈಫರ್ ಕೆಲಸಕ್ಕ, ಅಂದ್ರ ಗುಟ್ಟಿನ ಮಾತು ಸಂಕೇತಕ್ಕ ಹಾಕಿ ಕಳಿಸೂ ಕೆಲಸಕ್ಕ, ಹೋದಾಗ ನಮ್ಮ ಎಂಬೆಸಿಗಳ ತಾರ್ ವಿಳಾಸ "ಇಂಡೆಂಬೆಸಿ", ಹೈಕಮಿಷನ್‌ಗಳದ್ದು "ಹೈಕಾಮಿಂಡ್" ಅಂತ ನೋಡಿ ನಂಗ ಗದಗದ ಅಡತಿ ಅಂಗಡೀನ ನೆನಪಾತು. ಒಂದ ಲೆಕ್ಕ ನೋಡ್ರಿ, ಅಂಗಡಿ ಅಷ್ಟ ಬ್ಯಾರೆ.

1980ರ ದಶಕದ ಕೊನಿಗೆ ಪರದೇಶದಾಗಿನ ಒಂದು ಸಣ್ಣ ಮಿಷನ್‌ಗೆ, ಅಂದ್ರ ನಮ್ಮ ರಾಯಭಾರ ಕಚೇರಿಗೆ, ಪೋಸ್ಟಿಂಗ್ ಆತು. ಹೋಗಿ ಎರಡು ತಿಂಗಳಿಗೆ ರಾಯಭಾರಿ ಸಾಹೇಬ್ರು ಕರದು ಟೆಲೆಕ್ಸ್ ಬಿಲ್ಲು ಮುಂದಿಟ್ರು, "ಇದನ್ನ ಅರ್ಧಕ್ಕ ಇಳಸಾಕ ಆಗ್ತೈತೇನು ನೋಡ್ರಿ" ಅಂದ್ರು. ಬೈಲಿಲ್ಲ, ಕೇಳಿದ್ರು ಅಷ್ಟ. ನಂಗೂ ಅದು ಹತ್ತಿತು, ಯಾಕಂದ್ರ ಅದು ನಮ್ಮೂರಿನ ಮಂದಿ ಕಟ್ಟಿದ ತೆರಿಗಿ ರೊಕ್ಕ.

ಟೆಲೆಕ್ಸ್ ಅಂದ್ರ ಫೋನಿನಂಗ ಲೈನ್ ಹಚ್ಚಿ, ಈ ಕಡೆ ಟೈಪ್ ಮಾಡಿದ್ದನ್ನ ಆ ಕಡೆ ಮಷೀನಿನಾಗ ಛಾಪಿಸೂದು. ತಾರಿನಂಗ ಅದಕ್ಕ ಶಬ್ದದ ಲೆಕ್ಕ ಇರಲಿಲ್ಲ, ಲೈನ್ ಎಷ್ಟು ಹೊತ್ತು ಹಿಡದಿರ್ತಿದ್ವಿ ಅಷ್ಟು ರೊಕ್ಕ. ಮಷೀನ್ ಒಂದು ನಿಮಿಷಕ್ಕ 400 ಅಕ್ಷರ ಕಳಸ್ತಿತ್ತು, ಅಂದ್ರ ಹೆಚ್ಚುಕಮ್ಮಿ 66 ಶಬ್ದ. ಮನಷ್ಯಾ ಕೀಬೋರ್ಡ್ ಮ್ಯಾಲ ಕುಂತು ಅಷ್ಟು ವೇಗ ಹೊಡಿಯಾಕ ಆಗೂದಿಲ್ಲ, ಅದೂ ಅರ್ಥ ಇಲ್ಲದ ಐದೈದು ಅಕ್ಷರದ ಸಂಕೇತದ ಗುಂಪು ಅಂದ್ರ ಅರ್ಧಾನೂ ಆಗೂದಿಲ್ಲ. ನಮ್ಮಲ್ಲಿ ಅವಸರದಾಗ ಲೈನ್ ಹಚ್ಚಿಕೊಂಡ ಟೈಪ್ ಮಾಡೂ ರೂಢಿ ಬಿದ್ದಿತ್ತು. ಅದನ್ನ ಮೊದಲು ನಿಲ್ಲಿಸಿದೆ. ಏನಿದ್ರೂ ಲೈನ್ ಹಚ್ಚೂಕಿಂತ ಮದ್ಲ ಟೇಪ್ ಹೊಡಿಯೂದು. ಐದು ತೂತಿನ ಸಣ್ಣ ಕಾಗದದ ಪಟ್ಟಿ ಅದು, ಒಂದೊಂದು ಅಕ್ಷರಕ್ಕ ಒಂದೊಂದು ನಮೂನಿ ತೂತು. ತಪ್ಪಾತು ಅಂದ್ರ ಪಟ್ಟಿ ಒಂದು ಹೆಜ್ಜಿ ಹಿಂದಕ್ಕ ಸರಿಸಿ ಅದರ ಮ್ಯಾಲ ಐದೂ ತೂತು ಹೊಡದು ಬಿಡೂದು, ಆ ಕಡೆ ಮಷೀನು ಅದನ್ನ ಪ್ರಿಂಟ್ ಮಾಡೂದಿಲ್ಲ. ಪೂರಾ ಪಟ್ಟಿ ಆದಮ್ಯಾಲ ಓದಿ ತಾಳೆ ನೋಡಿ, ಆಮ್ಯಾಲ ಲೈನ್ ಹಚ್ಚಿ ಪಟ್ಟಿ ಬಿಟ್ರ ಒಂದ ಉಸಿರಿಗೆ ಓಡ್ತಿತ್ತು. ಇದೊಂದರಿಂದನ ಮೊದಲನೇ ತಿಂಗಳು ಬಿಲ್ಲಿನಾಗ ಫರಕು ಕಂಡಿತು.

ಆದ್ರ ಮಷೀನಿನಾಗ ಉಳಿಯೂದು ಅಷ್ಟ. ಖರೇ ಖರ್ಚು ಮಷೀನಿಗೆ ಬರೂಕಿಂತ ಮದ್ಲ, ಕರಡು ಬರಿಯೂ ಟೇಬಲ್ ಮ್ಯಾಲ ಆಗಿರ್ತೈತಿ. ಸಂಕೇತಕ್ಕ ಹಾಕಿದ ಮ್ಯಾಲ ಮಾತು ಸಣ್ಣದು ಮಾಡಾಕ ಬರೂದಿಲ್ಲ, ಕತ್ರಿ ಹಾಕೂದು ಏನಿದ್ರೂ ಅದಕ್ಕಿಂತ ಮದ್ಲ. ದಿಲ್ಲಿಯೊಳಗ ನಮಗ ಕಲಿಸಿದ ಸಾಹೇಬ್ರು ಒಂದು ಕತಿ ಹೇಳ್ತಿದ್ರು, 1866ರಾಗ ಅಮೆರಿಕದ ವಿದೇಶಾಂಗ ಮಂತ್ರಿ ವಿಲಿಯಂ ಸೀವಾರ್ಡ್ ಮೆಕ್ಸಿಕೋದಾಗಿದ್ದ ಫ್ರೆಂಚ್ ಸೈನ್ಯದ ವಿಷಯಕ್ಕ ಪ್ಯಾರಿಸ್‌ನ ತಮ್ಮ ರಾಯಭಾರಿಗೆ ಹೊಸಾ ಅಟ್ಲಾಂಟಿಕ್ ಕೇಬಲ್ ಮ್ಯಾಲ ಒಂದು ಸಂಕೇತದ ತಾರ್ ಕಳಿಸಿದ್ರು, ಆ ಒಂದ ತಾರಿನ ಬಿಲ್ಲು 19 ಸಾವಿರ ಡಾಲರ್ ಮ್ಯಾಲ, ಮತ್ತ ಆ ಜಗಳ ಕೋರ್ಟಿನ ತನಕ ಹೋತು. ಬರಿಯಾವ್ರಿಗೆ ತಂತಿ ಗೊತ್ತಿರಲಿಲ್ಲ ಅಂದ್ರ ಹಿಂಗಾಗ್ತೈತಿ.

ಅದಕ್ಕ ನಾ ಮಾಡಿದ್ದು ಏನಂದ್ರ, ಹಿಂದಿನ ಮೂರು ತಿಂಗಳ ಕಾಪಿ ತಗದು ಒಂದು ರವಿವಾರ ಕುಂತು ಓದಿದೆ. ಓದ್ಕೋತ ಎರಡು ಗುಂಪು ಮಾಡಿದೆ, ಮರುದಿನ ಮುಂಜಾನೆ ದಿಲ್ಲಿಯೊಳಗ ಯಾರೋ ಇದರ ಮ್ಯಾಲ ಏನರ ಮಾಡಬೇಕಾಗಿತ್ತಂದ್ರ ಒಂದು ಕಡೆ, ಇಲ್ಲಂದ್ರ ಇನ್ನೊಂದು ಕಡೆ. ಎರಡನೇ ಗುಂಪ ದೊಡ್ಡದಾತು. ಸ್ಟೋರಿನ ಲೆಕ್ಕ, ಯಾರದೋ ರಜೆ ಅರ್ಜಿ, ಮುಗದು ಹೋದ ಸಮಾರಂಭದ ವರದಿ, ಎಲ್ಲಾ "ಅರ್ಜೆಂಟ್" ಅಂತ ಟೆಲೆಕ್ಸಿನಾಗ ಹೋಗಿದ್ದು. ಅವೆಲ್ಲಾ ಬ್ಯಾಗಿಗೆ ಹಾಕೋಣ ಅಂದೆ, ಬ್ಯಾಗ್ ಹೆಂಗಿದ್ರೂ ಹೋಗ್ತೈತಿ, ಎರಡು ಹಾಳಿ ಹೆಚ್ಚಾದ್ರ ತೂಕದಾಗ ಗೊತ್ತೂ ಆಗೂದಿಲ್ಲ. ಸಾಹೇಬ್ರು ಒಪ್ಪಿದ್ರು, ಟೆಲೆಕ್ಸ್ ಹೋಗಬೇಕಂದ್ರ ಕರಡಿನ ಮ್ಯಾಲ ಯಾಕ ಅಂತ ಒಂದು ಸಾಲು ಬರದು ಸಹಿ ಮಾಡಬೇಕು ಅಂತ ಆರ್ಡರ್ ಆತು. ಆ ಒಂದು ಸಾಲು ಬರಿಯೂದು ಬ್ಯಾಸರಾಗಿನ ಎಷ್ಟೋ ಕರಡು ತಾವಾಗೇ ಬ್ಯಾಗಿಗೆ ಹೋದ್ವು.

ಭಾಷೆ ವಿಷಯಕ್ಕ ಮಾತ್ರ ಜಗಳ ಆತು. "ವಿ ಹ್ಯಾವ್ ದಿ ಆನರ್ ಟು ಇನ್ಫಾರ್ಮ್ ಯು ದಟ್ ದಿ ಡೆಲಿಗೇಶನ್ ವಿಲ್ ಬಿ ಅರೈವಿಂಗ್ ಆನ್ ಟ್ಯೂಸ್‌ಡೇ" ಅಂತ ಬರ್ತಿತ್ತು, 15 ಶಬ್ದ. ನಾ ಅದನ್ನ "ಡೆಲಿಗೇಶನ್ ಅರೈವಿಂಗ್ 14" ಮಾಡಿದೆ, 14 ಅಂದ್ರ ಆ ಮಂಗಳವಾರದ ತಾರೀಖು. ಒಬ್ಬ ಸೆಕ್ರೆಟರಿ ಸಾಹೇಬ್ರಿಗೆ ಸಿಟ್ಟು ಬಂತು, ಮರ್ಯಾದಿ ಇಲ್ಲದ ಬರದಂಗ ಕಾಣ್ತೈತಿ ಅಂದ್ರು. "ಸರ್, ಮರ್ಯಾದಿ ಪತ್ರದಾಗ ಇರ್ಲಿ, ಪತ್ರ ಬ್ಯಾಗಿನಾಗ ಹಿಂದಿಂದ ಬರ್ತೈತಲ್ಲ" ಅಂದೆ. ಒಂದೆರಡು ದಿನ ಮಾತಾಡ್ಲಿಲ್ಲ, ಆಮ್ಯಾಲ ಅವ್ರ ಕರಡ ಎಲ್ಲಾರಕ್ಕಿಂತ ಸಣ್ಣದಾಗಿ ಬರಾಕ ಹತ್ತಿತು.

ಇಷ್ಟೆಲ್ಲಾ ಉಳಿಸೂ ಹುರುಪಿನಾಗ ನಾ ಒಂದು ದೊಡ್ಡ ತಪ್ಪು ಮಾಡಿದೆ. ತಾರಿನಾಗ "ನಾಟ್" ಅಂತ ಬರಿಯೂದಿದ್ರ "ನಾಟ್ ರಿಪೀಟ್ ನಾಟ್" ಅಂತ ಬರಿಯೂದು ಹಳೇ ಪದ್ಧತಿ, ದಾರಿಯೊಳಗ ಒಂದು ಹಾಳಾದ್ರೂ ಇನ್ನೊಂದು ಉಳೀಲಿ ಅಂತ. ನಂಗ ಅದು ದುಂದು ಅನ್ನಿಸ್ತು, ಎರಡನೇದು ತಗದೆ. ಅವತ್ತ ಲೈನ್ ಕೆಟ್ಟಿತ್ತು, ಸರಿಯಾಗಿ ಆ ಗುಂಪ ಹಾಳಾತು, ಆ ಕಡೆಯವರು ಅಂದಾಜಿನ ಮ್ಯಾಲ ತಿಳ್ಕೊಂಡ್ರು. ರೂಮ್ ಬ್ಯಾಡ ಅಂದಿದ್ದು ರೂಮ್ ಬೇಕು ಅಂತ ಆತು. ಆರು ಮಂದಿಗೆ ಮೂರು ರಾತ್ರಿ ಹೋಟೆಲ್, ಯಾರೂ ಬರಲಿಲ್ಲ, ರೊಕ್ಕ ಮಾತ್ರ ಪೂರಾ ಕೊಡಬೇಕಾತು. ನಾನ ಹೋಗಿ ಸಾಹೇಬ್ರ ಮುಂದ ಒಪ್ಕೊಂಡೆ. ಅವತ್ತಿಂದ "ನಾಟ್" ಎರಡು ಸಲ, ಅಂಕಿ-ತಾರೀಖು ಇದ್ರ ಕೊನಿಗೆ ಮತ್ತೊಮ್ಮೆ, ಅದರಾಗ ಒಂದಕ್ಷರಾನೂ ಉಳಸಾಕ ಹೋಗಿಲ್ಲ.

ಮುಂದ ಹಾಳಿಯ ನಕಲು ಫೋನ್ ಲೈನಿನಾಗ ಕಳಿಸೂ ಫ್ಯಾಕ್ಸ್ ಬಂತು, ಅದರ ಲೆಕ್ಕ ಬ್ಯಾರೆ. ಫ್ಯಾಕ್ಸಿಗೆ ಖಾಲಿ ಬಿಳಿ ಜಾಗ ಲಗೂನ ಹೋಗ್ತೈತಿ, ಕರೆ ಕರೆ ಇದ್ದಲ್ಲಿ ನಿಧಾನ. ನಾವು ಪೇಪರ್ ಕಟಿಂಗ್ ಫೋಟೋ ಸಮೇತ ಕಳಸ್ತಿದ್ವಿ, ಪೇಪರಿನ ಫೋಟೋ ಅಂದ್ರ ಬರೇ ಸಣ್ಣ ಸಣ್ಣ ಚುಕ್ಕಿ, ಒಂದೊಂದು ಹಾಳಿಗೆ ಇಂಟರ್‌ನ್ಯಾಷನಲ್ ಲೈನ್ ನಿಮಿಷಗಟ್ಲೆ ಹಿಡೀತಿತ್ತು, ಮ್ಯಾಲ ಯಾರೋ ಸ್ಪಷ್ಟ ಬರ್ಲಿ ಅಂತ ಫೈನ್ ಮೋಡ್ ಒತ್ತಿ ಇಟ್ಟಿರ್ತಿದ್ರು, ಅಂದ್ರ ಗೆರಿ ಎರಡು ಪಟ್ಟು. ಫೋಟೋ ಕತ್ತರಿಸಿ ತಗದು, ಸುದ್ದಿ ನಾಕು ಸಾಲಿನಾಗ ಟೈಪ್ ಮಾಡಿ, ಫೈನ್ ಮೋಡ್ ತಗದು, ರೇಟ್ ಕಮ್ಮಿ ಇರೂ ರಾತ್ರಿ ಹೊತ್ತು ಬಿಡೂದು ಶುರು ಮಾಡಿದ್ವಿ. ನಮ್ಮ ಹುಬ್ಬಳ್ಳಿ ಎಸ್‌ಟಿಡಿ ಬೂತಿನ ಮುಂದ ಮಂದಿ ಕಾಲು ರೇಟಿಗೆ ಅಂತ ರಾತ್ರಿ ಹನ್ನೊಂದರ ತನಕ ಕಾಯ್ತಿದ್ರಲ್ಲ, ಹಂಗ.

ಟ್ರಾನ್ಸ್‌ಫರ್ ಆಗೂ ಮುಂದ ನನ್ನ ಜಾಗಕ್ಕ ಬರೂ ಹುಡುಗಗ ಅಂತ ಇದನ್ನೆಲ್ಲಾ ಒಂದ ಹಾಳಿ ಮ್ಯಾಲ ಬರದು ಟೆಲೆಕ್ಸ್ ಮಷೀನಿನ ಮ್ಯಾಲಿನ ಗ್ವಾಡಿಗೆ ಅಂಟಿಸಿ ಬಂದೆ, "ನಾಟ್ ರಿಪೀಟ್ ನಾಟ್" ಅನ್ನೂದಕ್ಕ ಕೆಂಪು ಪೆನ್ನಿಲೆ ಗೆರಿ ಹೊಡದಿದ್ದೆ. ಭಾಳ ವರ್ಷದ ಮ್ಯಾಲ ಬ್ಯಾರೆ ಕೆಲಸಕ್ಕ ಆ ಕಚೇರಿಗೆ ಹೋಗೂ ಪ್ರಸಂಗ ಬಂತು. ಟೆಲೆಕ್ಸ್ ಇರಲಿಲ್ಲ, ಕಂಪ್ಯೂಟರ್ ಬಂದು ಇಮೇಲ್ ನಡದಿತ್ತು. ಹಾಳಿ ಮಾತ್ರ ಇತ್ತು, ಯಾರೋ ಗ್ವಾಡಿಯಿಂದ ಬಿಡಿಸಿ ಕಂಪ್ಯೂಟರ್ ಬಾಜೂಕ ಹಚ್ಚಿದ್ರು, ಟೇಪ್‌ದ್ದು, ಫ್ಯಾಕ್ಸ್‌ದ್ದು ಎಲ್ಲಾ ಸಾಲು ಹೊಡದು ಹಾಕಿ ಕೆಂಪು ಗೆರಿದು ಒಂದು ಬಿಟ್ಟಿದ್ರು.