ಟರ್ಕಿ ಹಕ್ಕಿಯ ಬೇಟೆಗೆ ಹೊರಟ ಅಳಿಯನಿಗೆ: ಚೋಕ್ ಮತ್ತು ತೋಟಾ ಹೊಂದಿಸುವ ಬಗೆ

ಹೋದ ವರ್ಷ ಯುಗಾದಿ ಮುಗಿದ ವಾರ ಅಮೆರಿಕದ ಮಿಸ್ಸೌರಿಯಿಂದ ನನ್ನ ತಂಗಿಯ ಮಗ ವಿಡಿಯೊ ಕಾಲ್ ಮಾಡಿದ. ಕೈಯಲ್ಲಿ ಗೆಳೆಯ ಕೊಟ್ಟ ಹಳೆಯ 12 ಬೋರ್ ಪಂಪ್ ಬಂದೂಕು, ಮೇಜಿನ ಮೇಲೆ ಹೊಸ ತೋಟಾದ ಡಬ್ಬಿ. "ಮಾಮಾ, ತೋಟಾ ಸಲೀಸ ಹೊಕ್ಕತ್ರಿ. ಬರೂ ವಾರ ಟರ್ಕಿ ಬ್ಯಾಟಿಗೆ ಹೊಂಟೇವಿ" ಅಂದ.

"ತಮ್ಮಾ, ಮೊದಲ ಬಂದೂಕಿನ ಬಾಯಿ ಯಾರೂ ಇರಲಾರದ ಕಡೆ ತಿರುವು. ತೋಟಾ ಹೊರಗ ತಗಿ. ಆಮ್ಯಾಲೆ ನಳಿಗಿ ಮ್ಯಾಲೆ ಏನ್ ಬರದೈತಿ ಓದು."

ನಳಿಗೆಯ ಮೇಲೆ 2¾ ಇಂಚು ಅಂತ ಕೊರೆದಿತ್ತು. ಡಬ್ಬಿಯ ಮೇಲೆ 3 ಇಂಚು. ಆ ಸಂಜೆ ಅವನನ್ನು ಬಿಡದೆ ಒಂದೂವರೆ ತಾಸು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಬಂದೂಕು ದುರಸ್ತಿ ಮಾಡುವವನು, ಆಗಿದ್ದವನು. ನಿವೃತ್ತಿಯಾಗಿ ಬೆಳಗಾವಿಗೆ ಬಂದ ಮೇಲೆ ಬೈಲಹೊಂಗಲ, ಸವದತ್ತಿ, ಖಾನಾಪುರ ಕಡೆಯ ರೈತರ ಲೈಸೆನ್ಸ್ ಬಂದೂಕುಗಳನ್ನು ರಿಪೇರಿ ಮಾಡಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಡು ಟರ್ಕಿ ನಮ್ಮ ದೇಶದ ಹಕ್ಕಿಯಲ್ಲ. ನಮ್ಮಲ್ಲಿ ಕಾಡುಪ್ರಾಣಿಗಳ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮಲಪ್ರಭೆಯ ದಂಡೆಯ ಹೊಲಗಳಲ್ಲಿ ಕಾಳು ಹೆಕ್ಕುವ ನವಿಲಿನ ಕಡೆ ಬಂದೂಕಿನ ಬಾಯಿಯೂ ತಿರುಗಬಾರದು. ಬೇಟೆಯ ಮಾತು ಅಮೆರಿಕದಲ್ಲಿ ಪರವಾನಗಿ ಪಡೆದು ಹೋಗುವವರಿಗೆ. ನಳಿಗೆ, ಚೇಂಬರು (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ), ತೋಟಾದ ಮಾತು ಇಲ್ಲಿ ಲೈಸೆನ್ಸ್ ಇರುವವರಿಗೂ ಬೇಕಾದದ್ದು.

ಈಗ ಆ 3 ಇಂಚಿನ ವಿಷಯ. ತೋಟಾದ ಮೇಲೆ ಬರೆದಿರುವ ಉದ್ದ ಈಡು ಹಾರಿದ ಮೇಲಿನ ಉದ್ದ. ಹೊಸ ತೋಟಾದ ಮೂತಿಯನ್ನು ಹೂವಿನ ಮೊಗ್ಗಿನ ಹಾಗೆ ಒಳಗೆ ಮಡಿಚಿರುತ್ತಾರೆ, ಹಾಗಾಗಿ ಅದು ಗಿಡ್ಡಗೆ ಕಾಣುತ್ತದೆ, 2¾ ಇಂಚಿನ ಚೇಂಬರಿನಲ್ಲಿ ತಡೆಯಿಲ್ಲದೆ ಕೂರುತ್ತದೆ. ಹಾರಿಸಿದಾಗ ಮಡಿಕೆ ಬಿಚ್ಚಿಕೊಳ್ಳಬೇಕು. ಚೇಂಬರು ಮುಗಿದು ನಳಿಗೆ ಕಿರಿದಾಗುವ ಇಳಿಜಾರಿನಲ್ಲಿ ಅದಕ್ಕೆ ಬಿಚ್ಚಲು ಜಾಗವೇ ಇರುವುದಿಲ್ಲ. ಛರ್ರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಆ ಇಕ್ಕಟ್ಟಿನಿಂದಲೇ ನುಗ್ಗಬೇಕು. ಒಳಗಿನ ಒತ್ತಡ ಮಿತಿ ಮೀರುತ್ತದೆ. ಅದರ ಮೇಲೆ 3 ಇಂಚಿನ ತೋಟಾದಲ್ಲಿ ಸಾಮಾನ್ಯವಾಗಿ ಛರ್ರೆಯ ಭಾರವೂ ಹೆಚ್ಚು.

ಇಂಥದ್ದೇ ಒಂದು ಬಂದೂಕು ನನ್ನ ಮೇಜಿಗೆ ಬಂದಿತ್ತು. ಹಳೆಯ ದೇಸಾಯರ ವಾಡೆಯೊಂದರ ಇಂಗ್ಲಿಷ್ ಜೋಡುನಳಿಗೆ, ಬಲು ಚೆಂದದ ಕೆತ್ತನೆ. ಕೀಲು ಸಡಿಲಾಗಿದೆ, ಮುಚ್ಚಿದರೆ ಅಲುಗಾಡುತ್ತದೆ ಅಂತ ತಂದಿದ್ದರು. ಗೇಜ್ ಹಾಕಿ ಅಳೆದೆ: ಚೇಂಬರು 65 ಮಿಲಿಮೀಟರ್, ಅಂದರೆ ಎರಡೂವರೆ ಇಂಚು. ಮನೆಯವರು ವರ್ಷಗಟ್ಟಲೆ ಹಾಕುತ್ತಿದ್ದದ್ದು 70 ಮಿಲಿಮೀಟರಿನ ತೋಟಾ. "ಛಲೋ ಹೊಕ್ಕತ್ತಿತ್ರಿ, ಅದಕ್ಕ ಹಾಕತಿದ್ವಿ" ಅಂದರು ಯಜಮಾನರು. ಅಜ್ಜನ ಕಾಲದ ನಳಿಗೆ ಅಷ್ಟು ವರ್ಷ ಸಹಿಸಿಕೊಂಡಿತ್ತು. ಅದನ್ನು ಗೋಡೆಗೆ ಮಾತ್ರ ಇಡಿ, ಇನ್ನು ಹಾರಿಸಬೇಡಿ ಅಂತ ಕೈಮುಗಿದು ಹೇಳಿ ಕಳಿಸಿದೆ. ನಳಿಗೆಯ ಮೇಲೆ ಸುರುಳಿ ಸುರುಳಿ ನೇಯ್ಗೆಯಂಥ ಗೆರೆಗಳಿದ್ದರೆ ಅದು ಡಮಾಸ್ಕಸ್ ನಳಿಗೆ. ಅಂಥದ್ದಕ್ಕೆ ಇಂದಿನ ತೋಟಾ ಮುಟ್ಟಿಸಲೇಬೇಡಿ.

ಬೋರಿನ, ಅಂದರೆ ನಳಿಗೆಯ ಅಗಲದ ಅಳತೆಯ, ಗೊಂದಲ ಇದಕ್ಕಿಂತ ಕೆಟ್ಟದ್ದು. 20 ಬೋರಿನ ತೋಟಾ 12ರದಕ್ಕಿಂತ ಸಣ್ಣದು. 12ರ ಬಂದೂಕಿಗೆ ತಪ್ಪಿ ಹಾಕಿದರೆ ಜಾರಿ ಮುಂದೆ ಹೋಗಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಚೇಂಬರು ಖಾಲಿ ಕಂಡು ಹಿಂದೆ 12ರ ತೋಟಾ ಹಾಕಿ ಹಾರಿಸಿದರೆ ನಳಿಗೆ ಸೀಳುತ್ತದೆ, ಅದೂ ಎಡಗೈ ಹಿಡಿದಿರುವ ಜಾಗದಲ್ಲಿ. ಅಮೆರಿಕದಲ್ಲಿ 20ರ ತೋಟಾಕ್ಕೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ. ಬಣ್ಣವನ್ನಷ್ಟೇ ನಂಬಬೇಡಿ. ಮನೆಯಿಂದ ಹೊರಡುವಾಗ ಅಂಗಿಯ ಜೇಬೆಲ್ಲ ಬರಿದು ಮಾಡಿ, ಒಂದೇ ಬೋರಿನ ತೋಟಾ ತುಂಬಿಕೊಳ್ಳಿ.

ಅಳಿಯ ಆ ಹಳೆಯ ಬಂದೂಕನ್ನು ಗೆಳೆಯನಿಗೆ ವಾಪಸು ಕೊಟ್ಟು, 3 ಇಂಚಿನ ಚೇಂಬರಿನ, ಬಾಯಿಗೆ ತಿರುಪಿನ ಚೋಕ್ ಹಾಕುವ ಹೊಸ ಬಂದೂಕು ಕೊಂಡ. ಆಗ ಚೋಕಿನ, ಅಂದರೆ ನಳಿಗೆಯ ಬಾಯಿಯನ್ನು ಕಿರಿದು ಮಾಡುವ ಭಾಗದ, ಪಾಠ ಶುರುವಾಯಿತು.

ಅಗಸಿಯ ಬಾಗಿಲು ದಾಟುವ ಕುರಿಹಿಂಡನ್ನು ನೋಡಿದ್ದೀರಲ್ಲ. ಬಾಗಿಲು ಕಿರಿದಾದಷ್ಟೂ ಕುರಿಗಳು ಒತ್ತೊತ್ತಾಗಿ ಹೊರಬಿದ್ದು, ಬಹಳ ದೂರದವರೆಗೆ ಗುಂಪಾಗೇ ನಡೆಯುತ್ತವೆ. ಚೋಕಿನ ಕೆಲಸ ಅಷ್ಟೇ. ಕಿರಿದು ಮಾಡದ ನಳಿಗೆಗೆ ಸಿಲಿಂಡರ್ ಅನ್ನುತ್ತಾರೆ. ಆಮೇಲೆ ಇಂಪ್ರೂವ್ಡ್ ಸಿಲಿಂಡರ್, ಮಾಡಿಫೈಡ್, ಫುಲ್. 12 ಬೋರಿನಲ್ಲಿ ಫುಲ್ ಅಂದರೂ ಬಾಯಿ ಕಿರಿದಾಗುವುದು ಒಂದು ಮಿಲಿಮೀಟರಿಗಿಂತ ತುಸು ಕಡಿಮೆಯೇ. 40 ಗಜದಲ್ಲಿ 30 ಇಂಚಿನ ವರ್ತುಳದೊಳಗೆ ಸಿಲಿಂಡರ್ ನೂರಕ್ಕೆ ಸುಮಾರು 40 ಛರ್ರೆ ಕೂರಿಸಿದರೆ, ಮಾಡಿಫೈಡ್ 60, ಫುಲ್ 70 ಕೂರಿಸುತ್ತವೆ. ಟರ್ಕಿಗೆ ತಲೆ, ಕುತ್ತಿಗೆಯಷ್ಟೇ ಗುರಿ. ಅದಕ್ಕಾಗಿ ಫುಲ್‌ಗಿಂತಲೂ ಬಿಗಿಯಾದ ಟರ್ಕಿ ಚೋಕ್ ಮಾಡುತ್ತಾರೆ. ನಮ್ಮ ಜೋಡುನಳಿಗೆಗಳಲ್ಲಿ ಸಾಮಾನ್ಯವಾಗಿ ಬಲಗಡೆಯದು ಸಡಿಲು, ಎಡಗಡೆಯದು ಬಿಗಿ. ಮುಂದಿನ ಕುದುರೆ (ಟ್ರಿಗರ್) ಎಳೆದರೆ ಬಲಗಡೆಯದು ಹಾರುತ್ತದೆ.

ಚೋಕ್ ಕೊಳ್ಳುವಾಗ ತಿರುಪು ನಿಮ್ಮ ಬಂದೂಕಿನದೇ ಆಗಿರಬೇಕು. ರೆಮಿಂಗ್ಟನ್‌ದು ಬೆರೆಟ್ಟಾಕ್ಕೆ ಬಾರದು. ಬ್ರೌನಿಂಗ್‌ನಲ್ಲೇ ಇನ್‌ವೆಕ್ಟರ್ ಬೇರೆ, ಇನ್‌ವೆಕ್ಟರ್ ಪ್ಲಸ್ ಬೇರೆ. ಎರಡು ಸುತ್ತು ತಿರುಗಿ ಹಿಡಿದುಕೊಂಡಿತು ಅಂತ ಬಿಟ್ಟರೆ ಒಳತುದಿ ನಳಿಗೆಯೊಳಗೆ ತುಸು ಚಾಚಿಕೊಂಡಿರುತ್ತದೆ. ಛರ್ರೆ ಆ ಅಂಚಿಗೇ ಬಡಿದು ಚೋಕನ್ನೂ ನಳಿಗೆಯ ಬಾಯನ್ನೂ ಕಿತ್ತು ಹಾಕುತ್ತದೆ. ತಿರುಪನ್ನು ಒರೆಸಿ, ಒಂದು ಪದರ ಗ್ರೀಸ್ ಹಚ್ಚಿ, ಕೊನೆಯವರೆಗೆ ಕೂರಿಸಿ, ಕೀಲಿಯಿಂದ ಬಿಗಿ ಮಾಡಿ. ಚೋಕ್ ಇಲ್ಲದೆ ಬರಿ ತಿರುಪಿನ ಬಾಯಿಂದ ಹಾರಿಸಲೇಬಾರದು. ನಾಲ್ಕೈದು ಈಡಿಗೊಮ್ಮೆ ಬಂದೂಕು ಖಾಲಿ ಮಾಡಿ, ಕಣ್ಣಿಂದಲೂ ಬೆರಳಿಂದಲೂ ಚೇಂಬರು ನೋಡಿ, ಆಮೇಲೆ ಚೋಕ್ ಸಡಿಲಾಗಿದೆಯೇ ಪರೀಕ್ಷಿಸಿ.

ಇನ್ನು ಛರ್ರೆಯ ಲೋಹ. ಸೀಸ ಮೆತ್ತಗೆ, ಇಕ್ಕಟ್ಟಿನಲ್ಲಿ ಚೂರು ಚಪ್ಪಟೆಯಾಗಿ ದಾರಿ ಮಾಡಿಕೊಳ್ಳುತ್ತದೆ. ಉಕ್ಕು ಬಗ್ಗುವುದಿಲ್ಲ. ಬಿಗಿ ಚೋಕಿನಲ್ಲಿ ಉಕ್ಕಿನ ಛರ್ರೆ ಹಾರಿಸಿದರೆ ಬಾಯಿ ಉಬ್ಬಬಹುದು, ಒಡೆಯಬಹುದು. ಚೋಕಿನ ಮೇಲೆಯೇ ಉಕ್ಕಿಗೆ ನಡೆಯುತ್ತದೆ ಅಂತ ಬರೆದಿದ್ದರೆ ಮಾತ್ರ ಹಾಕಿ. ಹಳೆಯ ಬಂದೂಕಿಗೆ ಬೇಡವೇ ಬೇಡ. ಟರ್ಕಿಗೆ ಈಗ ಟಂಗ್‌ಸ್ಟನ್ ಛರ್ರೆ ಹೆಚ್ಚು ಓಡುತ್ತಿದೆ. ಸೀಸ ನೀರಿಗಿಂತ 11 ಪಟ್ಟು ಭಾರವಾದರೆ ಇದು ಸುಮಾರು 18 ಪಟ್ಟು, ಹಾಗಾಗಿ 9ನೇ ನಂಬರಿನ ಸಣ್ಣ ಛರ್ರೆಯೂ ದೂರಕ್ಕೆ ಬಲವಾಗಿ ಹೋಗುತ್ತದೆ. ಅದೂ ಗಟ್ಟಿ ಲೋಹವೇ, ಚೋಕ್ ತಯಾರಕರ ಒಪ್ಪಿಗೆ ಓದಿಯೇ ಹಾಕಬೇಕು. ಒಂಟಿ ಗುಂಡಿನ ಸ್ಲಗ್ ಟರ್ಕಿ ಚೋಕಿನ ಹತ್ತಿರವೂ ಬರಬಾರದು. ನಂಬರ್ ಏರಿದಂತೆ ಛರ್ರೆ ಸಣ್ಣದಾಗುತ್ತದೆ ಅನ್ನುವುದು ನೆನಪಿರಲಿ. ಮಿಸ್ಸೌರಿಯಲ್ಲಿ ಟರ್ಕಿಗೆ 4ನೇ ನಂಬರ್ ಅಥವಾ ಅದಕ್ಕಿಂತ ಸಣ್ಣದ್ದಕ್ಕೆ ಮಾತ್ರ ಅನುಮತಿ.

ಇಷ್ಟೆಲ್ಲ ಓದಿದರೂ ನಿಮ್ಮ ಬಂದೂಕು ಆ ತೋಟಾವನ್ನು ಹೇಗೆ ಹರಡುತ್ತದೆ ಅನ್ನುವುದು ಕಾಗದಕ್ಕೆ ಹೊಡೆದಾಗಲೇ ತಿಳಿಯುವುದು. ಅಳಿಯನಿಗೆ ನಾಲ್ಕಡಿಯ ಕಾಗದ ಹಚ್ಚಿಸಿದೆ, ಹಿಂದೆ ಮಣ್ಣಿನ ದಿಬ್ಬ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಮೊದಲು 15 ಗಜದಲ್ಲಿ ಹಗುರ ತೋಟಾದಿಂದ ಗುರಿ ನೇರವಿದೆಯೇ ನೋಡಿಕೊಂಡ. ಆಮೇಲೆ ಬೇಟೆಯ ತೋಟಾ ಹಾಕಿ, ಕಾಡಿನಲ್ಲಿ ಕೂರುವ ಹಾಗೆಯೇ ಕೂತು 40 ಗಜದಿಂದ ಹೊಡೆದ. ಛರ್ರೆ ದಟ್ಟವಾಗಿ ಬಿದ್ದ ಕಡೆ 10 ಇಂಚಿನ ವರ್ತುಳ ಎಳೆಯಬೇಕು, ನಮ್ಮ ಅವ್ವ ಬಡಿಯುತ್ತಿದ್ದ ಜೋಳದ ರೊಟ್ಟಿಯಷ್ಟು ಅಗಲ. ಅದರೊಳಗೆ ನೂರು ತೂತು ಇದ್ದರೆ ಆ ದೂರ ನಿಮ್ಮದು. ಒಂದೇ ಹೊಡೆತ ನಂಬಬೇಡಿ, ಪ್ರತಿ ಸಲ ಹೊಸ ಕಾಗದಕ್ಕೆ ಕನಿಷ್ಠ ಮೂರು ಸಲ ಎಣಿಸಿ.

ಅವನ ಅತಿ ಬಿಗಿ ಚೋಕಿನಲ್ಲಿ ತೂತುಗಳು ಚೆದುರಿ, ನಡುವೆ ಅಂಗೈ ಅಗಲದ ಬರಿ ಜಾಗ ಉಳಿದಿತ್ತು. ಒಂದು ಮೆಟ್ಟಿಲು ಸಡಿಲಿನ ಚೋಕ್ ಹಾಕಿದಾಗ ಅದೇ ತೋಟಾ ಸಮನಾಗಿ ಕೂತಿತು. ಇದು ಆಗಾಗ ಆಗುತ್ತದೆ. ಅತಿ ಒತ್ತಿದರೆ ಸೀಸದ ಛರ್ರೆ ಆಕಾರ ಕೆಟ್ಟು ದಾರಿ ತಪ್ಪುತ್ತದೆ. ಹತ್ತಿರದ ದೂರಕ್ಕೂ ಹೊಡೆದು ನೋಡಿ: 10 ಗಜದಲ್ಲಿ ಬಿಗಿ ಚೋಕಿನ ಛರ್ರೆ ಮುಷ್ಟಿಯಷ್ಟೇ ಅಗಲ ಇರುತ್ತದೆ, ಹಕ್ಕಿ ತಲೆ ಕೊಂಕಿಸಿದರೂ ತಪ್ಪುತ್ತದೆ.

ಪ್ರತಿ ಸಲ ಹಾರಿಸುವ ಮುಂಚೆ ಖಾಲಿ ನಳಿಗೆಯನ್ನು ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ. ಸವದತ್ತಿ ಕಡೆಯ ರೈತರೊಬ್ಬರ ಬಂದೂಕು ಅಟ್ಟದ ಮೇಲಿದ್ದಾಗ ಕುಂಬಾರ ಹುಳ ನಳಿಗೆಯ ಬಾಯೊಳಗೆ ಮಣ್ಣಿನ ಗೂಡು ಕಟ್ಟಿತ್ತು. ನೋಡದೆ ಹಾರಿಸಿದರು, ನಳಿಗೆ ಹಾವು ಕಪ್ಪೆ ನುಂಗಿದ ಹಾಗೆ ಉಬ್ಬಿತು. ಅವರ ಕಣ್ಣು ಉಳಿಯಿತು. ಸದ್ದು ಪುಸ್ ಅಂತ ಕೇಳಿದರೆ ಇನ್ನೊಂದು ತೋಟಾ ಹಾಕಬೇಡಿ, ಛರ್ರೆ ಹೊತ್ತೊಯ್ಯುವ ಪ್ಲಾಸ್ಟಿಕ್ ಬಟ್ಟಲು ಒಳಗೇ ಉಳಿದಿರಬಹುದು. ಕುದುರೆ ಎಳೆದರೂ ಹಾರದಿದ್ದರೆ ಬಾಯಿ ಅತ್ತಲೇ ಇಟ್ಟು ಒಂದು ನಿಮಿಷ ಕಾಯಿರಿ.

ಕಾಡಿನ ಮಾತು ಚಿಕ್ಕದು. ಗಂಡು ಟರ್ಕಿಯ ತಲೆಗೆ ಕೆಂಪು, ಬಿಳಿ, ನೀಲಿ ಬಣ್ಣ, ಹಾಗಾಗಿ ಆ ಬಣ್ಣದ ಕರವಸ್ತ್ರವೂ ಮೈಮೇಲೆ ಬೇಡ. ಬೆನ್ನಿಗೆ ಹೆಗಲಿಗಿಂತ ಅಗಲದ ಮರ ಇರಲಿ. ಹಕ್ಕಿಯ ಕೂಗು ಕೇಳಿದ ಕಡೆ ತೆವಳಿ ಹೋಗಬೇಡಿ, ಕೂಗುತ್ತಿರುವವನು ಇನ್ನೊಬ್ಬ ಬೇಟೆಗಾರ ಆಗಿರಬಹುದು.

ಕೊನೆಗೆ ಅವನಿಂದ ತೋಟಾದ ಡಬ್ಬಿಯ ಮುಚ್ಚಳದೊಳಗೆ ಒಂದು ಚೀಟಿ ಅಂಟಿಸಿದೆ. ಕನ್ನಡದಲ್ಲೇ ಬರೆದಿದ್ದಾನೆ: "12 ಬೋರ್. 3 ಇಂಚು. ಸೀಸ, 5ನೇ ನಂಬರ್. ಫುಲ್ ಚೋಕ್. 35 ಗಜ, ಮುಂದ ಇಲ್ಲ."