ಮಾತ್ರೆ ಕರಗೋ ಹತ್ತು ನಿಮಿಷ

ಇದನ್ನ ಬರೀಬೇಕೋ ಬೇಡ್ವೋ ಅಂತ ಎರಡು ತಿಂಗಳಿಂದ ಒದ್ದಾಡ್ತಿದ್ದೆ, ಹೆಸರು ಹಾಕಲ್ಲ ಅಂದ್ಮೇಲೆ ಏನ್ ಭಯ ಅಂತ ಇವತ್ತು ಕೂತಿದೀನಿ. ನಾನು ಸ್ಟಾಫ್ ನರ್ಸ್ ಆಗಿದ್ದವಳು. ಎರಡನೇ ಸಿಸೇರಿಯನ್ ಆದ್ಮೇಲೆ ಸೊಂಟ ನೋವು ತಡ್ಯಕ್ಕಾಗ್ದೆ ಒಂದಿನ ನೈಟ್ ಡ್ಯೂಟಿಲಿ ಪೆಂಟಜೋಸಿನ್ ಅನ್ನೋ, ಚಟ ಹತ್ತಿಸೋ ನೋವಿನ ಇಂಜೆಕ್ಷನ್ ಚುಚ್ಕೊಂಡೆ, ನೋವೂ ಹೋಯ್ತು, ಸುಸ್ತೂ ಹೋಯ್ತು, ಮನೇಲಿ ಬಿದ್ದಿರೋ ಪಾತ್ರೆ ಬಟ್ಟೆ ಚಿಂತೆನೂ ಹೋಯ್ತು. ಮೂರು ವರ್ಷ ಆಗೋಷ್ಟ್ರಲ್ಲಿ ದಿನಕ್ಕೆ ಏಳೆಂಟು ಆಂಪೂಲ್.

ಪೆಂಟಜೋಸಿನ್ ಚುಚ್ಚಿ ಚುಚ್ಚಿ ಚರ್ಮ ಹಲಗೆ ತರ ಗಟ್ಟಿ ಆಗತ್ತೆ, ಆಮೇಲೆ ಹುಣ್ಣು. ನಂದು ಎರಡೂ ತೊಡೆ ಹಂಗಾಗಿತ್ತು. ಮೂರು ವರ್ಷದ ಮಗ ತೊಡೆ ಮೇಲೆ ಕೂತು, ಆ ಕಡೆ ಈ ಕಡೆ ಸರಿದಾಡಿ, "ಅಮ್ಮಾ ನಿಂದು ಕಲ್ಲು ತೊಡೆ, ಅಜ್ಜಿದೇ ಚೆನ್ನಾಗಿದೆ" ಅಂತ ಎದ್ದು ಹೋದ. ಆವತ್ತೇ ಬಿಟ್ಬಿಟ್ಟೆ ಅಂತ ಬರೆದ್ರೆ ಕಥೆ ಚೆನ್ನಾಗಿರ್ತಿತ್ತು, ಆದ್ರೆ ನಾನು ಮಾಡಿದ್ದು ಬಾತ್‌ರೂಮ್ ಬಾಗಿಲು ಹಾಕ್ಕೊಂಡು ಇನ್ನೊಂದು ಚುಚ್ಕೊಂಡಿದ್ದು.

"ಮಕ್ಕಳ ಮುಖ ನೋಡಾದ್ರೂ ಬಿಡಮ್ಮ" ಅಂತ ಎಲ್ಲರೂ ಹೇಳೋರು. ನಿಜ ಹೇಳ್ಬೇಕಂದ್ರೆ ಆ ಮಾತು ಕೇಳಿದಾಗ್ಲೆಲ್ಲ ನನಗೆ ಇನ್ನೊಂದು ಬೇಕು ಅನ್ಸೋದು, ಅಷ್ಟು ಅವಮಾನ. ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಾಗಲ್ಲ, ಬೆಳಿಗ್ಗೆ ಡೋಸ್ ಇಲ್ಲ ಅಂದ್ರೆ ಮೂಗು ಸೋರತ್ತೆ, ಆಕಳಿಕೆ ಮೇಲೆ ಆಕಳಿಕೆ, ಕಾಲು ಎಳೆಯತ್ತೆ, ಭೇದಿ, ಆ ಸ್ಥಿತೀಲಿ ಚಪಾತಿ ಲಟ್ಟಿಸಿ ಡಬ್ಬಿ ಕಟ್ಟಿ ಜಡೆ ಹೆಣೆಯಕ್ಕೆ ಆಗಲ್ಲ. ಮಗಳನ್ನ ಸ್ಕೂಲಿಗೆ ಕಳ್ಸಕ್ಕೇ ನಾನು ಚುಚ್ಕೊಳ್ತಿದ್ದೆ, ಮಜಾಕ್ಕಲ್ಲ. ಸಂಜೆ ಆಯ್ತು ಅಂದ್ರೆ ಗಿಲ್ಟ್, ಆ ಗಿಲ್ಟಿಗೆ ಐಸ್‌ಕ್ರೀಂ, ಆಟದ ಸಾಮಾನು, ಬೆಳಿಗ್ಗೆ ಬೈದಿದ್ದಕ್ಕೆ ರಾತ್ರಿ ಮುದ್ದು. ಮಕ್ಕಳಿಗೆ ಇವತ್ತು ಯಾವ ಅಮ್ಮ ಬರ್ತಾಳೆ ಅಂತಾನೇ ತಿಳೀತಿರ್ಲಿಲ್ಲ.

ಚಿಕಿತ್ಸೆಗೆ ಹೋಗಕ್ಕೆ ತಡ ಮಾಡಿದ್ದು ಯಾಕೆ ಅಂದ್ರೆ ಭಯ. ಪೊಲೀಸ್ ಬರ್ತಾರೆ, ಮಕ್ಕಳನ್ನ ಕಿತ್ಕೊಂಡು ಹೋಗ್ತಾರೆ ಅಂತ. ನಾನಾಗೇ ಚಿಕಿತ್ಸೆಗೆ ಬಂದ್ರೆ, ಸೇವಿಸಿದ್ದಕ್ಕೆ ಕೇಸ್ ನಡೆಸದೆ ಕಾಪಾಡಕ್ಕೆ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಲಿ 64ಎ ಅಂತ ಸೆಕ್ಷನ್ ಇದೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅಡ್ಮಿಟ್ ಆದ ತಾಯಿಯಿಂದ ಮೂರು ವರ್ಷದೊಳಗಿನ ಮಗುನ ಸಾಮಾನ್ಯವಾಗಿ ಬೇರೆ ಮಾಡೋಹಾಗಿಲ್ಲ, ಇವೆರಡೂ ನನಗೆ ಗೊತ್ತಾಗಿದ್ದು ನಿಮ್ಹಾನ್ಸ್ ಓಪಿಡಿಲಿ ಕೂತ್ಮೇಲೆ. ನರ್ಸ್ ಆಗಿದ್ದೂ ಗೊತ್ತಿರ್ಲಿಲ್ಲ, ನಾಚಿಕೆ. ಕ್ಯೂನಲ್ಲಿ ಮುಕ್ಕಾಲುಪಾಲು ಗಂಡಸರೇ, ನನ್ನನ್ನ ಯಾರದೋ ಹೆಂಡ್ತಿ ಅನ್ಕೊಂಡು "ಪೇಷಂಟ್ ಎಲ್ಲಮ್ಮ" ಅಂದ್ರು. ನಾನೇ ಅಂದೆ.

ಚಟ ಬಿಡಿಸಕ್ಕೆ ಕೊಡೋ ಬುಪ್ರೆನಾರ್ಫಿನ್-ನಲೋಕ್ಸೋನ್ ಅನ್ನೋ ಮಾತ್ರೆ ಶುರು ಮಾಡಿದ್ರು. ಮೊದಲ ಮಾತ್ರೆಗೆ ವಿತ್‌ಡ್ರಾವಲ್, ಅಂದ್ರೆ ಡೋಸ್ ಇಲ್ದೆ ಮೂಗು ಸೋರೋದು ಕಾಲು ಎಳೆಯೋದು ಅವೆಲ್ಲ, ಶುರು ಆಗೋವರೆಗೂ ಕಾಯ್ಬೇಕು, ಅವಸರ ಮಾಡಿದ್ರೆ ಒಂದೇ ಸಲ ಜೋರಾಗಿ ಬಡಿಯತ್ತೆ, ಅದಕ್ಕೆ ಆ ನಾಲ್ಕು ದಿನ ಮಕ್ಕಳನ್ನ ನಮ್ಮಮ್ಮನ ಮನೇಲಿ ಬಿಟ್ಟಿದ್ದೆ. ಈ ಮಾತ್ರೆ ನುಂಗೋದಲ್ಲ, ನಾಲಿಗೆ ಕೆಳಗಿಟ್ಟು ಕರಗೋವರೆಗೂ ನೀರು ಕುಡಿಯಂಗಿಲ್ಲ, ಎಂಜಲು ನುಂಗಂಗಿಲ್ಲ, ಮಾತಾಡಂಗಿಲ್ಲ. ಹತ್ತು ನಿಮಿಷ. ನಾನು ಟೈಮ್ ಇಟ್ಕೊಂಡಿದ್ದು ಸಂಜೆ ನಾಲ್ಕೂವರೆಗೆ, ಮಗಳು ಸ್ಕೂಲಿಂದ ಬರೋ ಹೊತ್ತು, ನನಗೆ ಚುಚ್ಕೊಳ್ಳಲೇಬೇಕು ಅನ್ನೋ ಕ್ರೇವಿಂಗ್ ಏಳ್ತಿದ್ದಿದ್ದೂ ಅದೇ ಹೊತ್ತಿಗೆ. ಅವಳಿಗೆ ಎಂಟು ವರ್ಷ, "ಅಮ್ಮನಿಗೆ ಒಂದು ಕಾಯಿಲೆ ಇದೆ, ಇದು ಅದರ ಮಾತ್ರೆ, ಬಾಯಲ್ಲಿರೋವಾಗ ಮಾತಾಡಕ್ಕಾಗಲ್ಲ" ಅಂತ ಮೊದಲೇ ಹೇಳಿದ್ದೆ. ಮೊದಲನೇ ವಾರ ಸುಮ್ನೆ ನನ್ನ ಮುಖಾನೇ ನೋಡ್ತಾ ಕೂತಿದ್ಲು. ಆಮೇಲೆ ಒಂದಿನ ಶೂ ಬಿಚ್ತಾ ಬಿಚ್ತಾ ಬಸ್ಸಲ್ಲಿ ಯಾರೋ ಅವಳ ವಾಟರ್ ಬಾಟಲ್ ಎಸೆದಿದ್ದು ಹೇಳಕ್ಕೆ ಶುರು ಮಾಡಿದ್ಲು, ನನಗೆ "ನೀನೇನ್ ಮಾಡಿದ್ದೆ ಅವಳಿಗೆ" ಅಂತ ಬಾಯಿ ತುದಿಗೆ ಬಂದಿತ್ತು, ಬಾಯಲ್ಲಿ ಮಾತ್ರೆ! ಕೇಳ್ತಾ ಕೂತೆ. ಅವಳು ಮುಂದಕ್ಕೆ ಹೋದ್ಲು, ಬಾಟಲಿಂದ ಟೀಚರ್‌ಗೆ, ಟೀಚರಿಂದ "ರಾತ್ರಿ ನೀನು ಉಸಿರಾಡ್ತಿದೀಯಾ ಅಂತ ನಾನು ಮೂಗಿನ ಹತ್ರ ಕೈ ಇಟ್ಟು ನೋಡ್ತಿದ್ದೆ" ಅನ್ನೋವರೆಗೂ ಬಂತು. ಮಾತ್ರೆ ಇಲ್ದೇ ಇದ್ದಿದ್ರೆ ನಾನು ಮಧ್ಯದಲ್ಲೇ ತಡೆದು ಬುದ್ಧಿ ಹೇಳಿ ಆ ಮಾತು ಹೊರಗೇ ಬರ್ತಿರ್ಲಿಲ್ಲ.

ಎಲ್ಲರೂ ಅವಳನ್ನ ಜಾಣೆ ಜಾಣೆ ಅನ್ನೋರು, ತಮ್ಮಂಗೆ ಹಾಲು ಬಿಸಿ ಮಾಡ್ತಾಳೆ, ಡಬ್ಬಿ ತಾನೇ ಹಾಕ್ಕೊತಾಳೆ ಅಂತ. ನಾನೂ ಬೀಗ್ತಿದ್ದೆ. ಕೌನ್ಸೆಲರ್ ಮೇಡಂ, ಅದು ಜಾಣತನ ಅಲ್ಲ, ನೀವು ಖಾಲಿ ಬಿಟ್ಟ ಕುರ್ಚೀಲಿ ಅವಳು ಕೂತಿದಾಳೆ ಅಂದ್ರು. ವಾಪಸ್ ಇಸ್ಕೊಳ್ಳೋದು ಸುಲಭ ಇರ್ಲಿಲ್ಲ, ನಾನು ಹಾಲು ಕಾಯಿಸಿದ್ರೆ ಅವಳು ಬಂದು ಬೆರಳದ್ದಿ ನೋಡೋಳು, ನನ್ನ ಬ್ಯಾಗ್ ತೆಗ್ದು ಹುಡ್ಕೋಳು. ಬ್ಯಾಗ್ ನೋಡೋ ಕೆಲಸ ಗಂಡನಿಗೆ ಕೊಟ್ವಿ, ಯೂರಿನ್ ಟೆಸ್ಟ್ ಆಸ್ಪತ್ರೇದು, "ನಿಂದಲ್ಲ ಪುಟ್ಟಿ ಈ ಕೆಲಸ" ಅಂತ ಹೇಳಿ ಹೇಳಿ ಆರು ತಿಂಗಳು ಬೇಕಾಯ್ತು.

ನನ್ನ ದೊಡ್ಡ ತಪ್ಪು ಒಂದು ಹೇಳ್ಲೇಬೇಕು. ಮಾತ್ರೆನ ಪರ್ಸಲ್ಲಿ ಖಾಲಿ ಕುಂಕುಮದ ಭರಣಿಲಿ ಇಟ್ಕೊಂಡಿದ್ದೆ, ಒಂದಿನ ಮಗ ಅದನ್ನ ಗಿಲಕಿ ತರ ಅಲ್ಲಾಡಿಸ್ತಾ ಅಡುಗೆ ಮನೆಗೆ ಬಂದ. ಆ ಮಾತ್ರೆ ಒಂದೇ ಒಂದು ಸಾಕು ಅಷ್ಟು ಚಿಕ್ಕ ಮಗು ಉಸಿರು ನಿಲ್ಸಕ್ಕೆ. ಎಣಿಸಿದೆ, ಎಲ್ಲಾ ಇತ್ತು, ಕೂತಲ್ಲೇ ಬೆವರು ಇಳಿದಿತ್ತು. ಅವತ್ತಿಂದ ಬೀಗ ಇರೋ ಸ್ಟೀಲ್ ಡಬ್ಬಿ, ಕೀ ಅತ್ತೆ ಸೆರಗಲ್ಲಿ.

ಇಂಥ ಚಟ ಇದ್ದು ಬಸುರಿಯಾಗಿರೋರು ಯಾರಾದ್ರೂ ಓದ್ತಿದ್ರೆ, ಹೆದ್ರಿ ಒಂದೇ ಸಲ ನಿಲ್ಲಿಸ್ಬೇಡಿ, ಡಾಕ್ಟರ್‌ಗೆ ಹೇಳಿ, ಬುಪ್ರೆನಾರ್ಫಿನ್ ಮೇಲೇ ಹೆರಿಗೆ ಮಾಡ್ಕೊಂಡವರಿದಾರೆ. ಮಗು ಮೊದಲ ಕೆಲವು ದಿನ ನಡುಗಬಹುದು, ಕೀರಲು ಅಳಬಹುದು, ಎದೆಗೆ ಅಪ್ಪಿ ಹಿಡ್ಕೊಳ್ಳೋದೇ ಅದಕ್ಕೆ ಅರ್ಧ ಔಷಧಿ. ಎಲ್ಲಿಗೆ ಹೋಗ್ಬೇಕು ಗೊತ್ತಿಲ್ಲ ಅಂದ್ರೆ ಚಟ ಬಿಡಿಸೋ ಸಹಾಯವಾಣಿ 14446ಗೆ ಫೋನ್ ಮಾಡಿ.

ಐದನೇ ತಿಂಗಳಲ್ಲಿ ಒಂದ್ಸಲ ಜಾರಿದೆ. ಮಗಳ ಸ್ಕೂಲ್ ಡೇ ದಿನ, ಹಳೇ ಕಲೀಗ್ ಸಿಕ್ಳು, ಅಷ್ಟೇ ಸಾಕಾಯ್ತು. ಆ ರಾತ್ರಿನೇ ಗಂಡನಿಗೆ ಹೇಳ್ದೆ, ಬೆಳಿಗ್ಗೆ ಮಗಳಿಗೆ "ನಿನ್ನೆ ಅಮ್ಮನ ಕಾಯಿಲೆ ಮತ್ತೆ ಬಂತು, ನಿನ್ನಿಂದ ಅಲ್ಲ, ಇವತ್ತು ಡಾಕ್ಟರ್ ಹತ್ರ ಹೋಗ್ತೀನಿ" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಡಬ್ಬಿಗೆ ಏನು" ಅಂದ್ಲು. ಚಿತ್ರಾನ್ನ ಅಂದೆ.

ಈಗ ಡೋಸ್ 8ರಿಂದ 4 ಎಂಜಿಗೆ ಇಳಿದಿದೆ. ಪೂರ್ತಿ ನಿಲ್ಲಿಸೋ ಆತುರ ಡಾಕ್ಟರ್‌ಗೂ ಇಲ್ಲ, ನನಗೂ ಇಲ್ಲ, ಅತ್ತೆಗೆ ಮಾತ್ರ ಇದೆ. ಮಗಳ ಚಿಂತೆನೇ ಬೇರೆ, ಮಾತ್ರೆ ನಿಂತ್ರೆ ನಾಲ್ಕೂವರೆಗೆ ಏನ್ಮಾಡೋದು ಅಂತ ಮೊನ್ನೆ ಕೇಳಿದ್ಲು. ಕಲ್ಲುಸಕ್ಕರೆ ಇಟ್ಕೊತೀನಿ ಬಿಡು ಅಂದೆ.