ಈರುಳ್ಳಿ ಸಿಪ್ಪೆಗೆ ಒಂದು ಹನಿ ಉಪ್ಪುನೀರು: ಕೋಶಪೊರೆ ಪಾಠದ ನನ್ನ ಅನುಭವ

ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಬಂದಾಗ ಬಹಳ ವರ್ಷ ನಾನು ಬೋರ್ಡ್ ಮೇಲೆ ಚಿತ್ರ ಬರೆದೇ ಶುರು ಮಾಡುತ್ತಿದ್ದೆ. ಒಂದು ಚೌಕ, ಅದರೊಳಗೆ ಇನ್ನೊಂದು ಗೆರೆ, ನಡುವೆ ಕೋಶಕೇಂದ್ರ. ಹೊರಗಿನ ಗೆರೆ ಕೋಶಭಿತ್ತಿ, ಒಳಗಿನದು ಕೋಶಪೊರೆ. ಮಕ್ಕಳು ಅಂದವಾಗಿ ಬರೆದು ಭಾಗ ಗುರುತಿಸುತ್ತಿದ್ದರು. ಪರೀಕ್ಷೆಯಲ್ಲಿ ಅಂಕವೂ ಬರುತ್ತಿತ್ತು. ಆದರೆ ಪೊರೆ ಏನು ಕೆಲಸ ಮಾಡುತ್ತೆ ಅಂತ ಕೇಳಿದರೆ "ಅದು ಅರೆಪಾರಕ ಪೊರೆ ಮಿಸ್" ಅನ್ನುತ್ತಿದ್ದರು. ಕೆಲವನ್ನು ದಾಟಲು ಬಿಟ್ಟು ಕೆಲವನ್ನು ತಡೆಯುವ ಪೊರೆ ಅಂತ ಅದರ ಅರ್ಥ. ಆದರೆ ಹಾಗಂದ್ರೆ ಏನು ಅಂತ ಕೇಳಿದರೆ ಎಲ್ಲರೂ ಸುಮ್ನೆ.

ತಪ್ಪು ಮಕ್ಕಳದ್ದಲ್ಲ. ನಾನು ತೋರಿಸುತ್ತಿದ್ದದ್ದು ಬರೀ ಖಾಲಿ ಗೋಡೆಯನ್ನು. 1665ರಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ಬೆಂಡಿನ (ಕಾರ್ಕ್) ತೆಳು ಚೂರಿನಲ್ಲಿ ಕಂಡು 'ಸೆಲ್' ಅಂತ ಕರೆದದ್ದೂ ಸತ್ತ ಕೋಶಗಳ ಗೋಡೆಯನ್ನೇ ಅಲ್ವಾ. ಜೀವ ಇರುವುದು ಆ ಗೋಡೆಯ ಒಳಗಡೆ, ಪೊರೆ ಕಾಯುತ್ತಿರುವ ಜಾಗದಲ್ಲಿ. ಅದನ್ನು ಕಣ್ಣಾರೆ ತೋರಿಸದೆ ಹೆಸರು ಹೇಳಿಕೊಡಬಾರದು ಅಂತ ತೀರ್ಮಾನ ಮಾಡಿದೆ.

ಮೊದಲು ಬೀಟ್‌ರೂಟ್ ತಂದೆ. ಸಣ್ಣ ತುಂಡುಗಳಾಗಿ ಹೆಚ್ಚಿ, ನೀರು ತಿಳಿಯಾಗುವ ತನಕ ಚೆನ್ನಾಗಿ ತೊಳೆದೆವು. ಹೆಚ್ಚುವಾಗ ಒಡೆದ ಕೋಶಗಳ ಬಣ್ಣ ಹೋಗಲಿ ಅಂತ. ಆಮೇಲೆ ಒಂದು ಲೋಟದಲ್ಲಿ ತಣ್ಣೀರು, ಇನ್ನೊಂದರಲ್ಲಿ ಕುದಿನೀರು, ಎರಡಕ್ಕೂ ನಾಲ್ಕು ನಾಲ್ಕು ತುಂಡು. ತಣ್ಣೀರು ಹೆಚ್ಚುಕಮ್ಮಿ ಹಾಗೇ ಇತ್ತು. ಕುದಿನೀರು ನೋಡುನೋಡುತ್ತಲೇ ಕೆಂಪಾಯಿತು. ಇದು ಗೊತ್ತಿರೋದೇ, ಸಾರು ಮಾಡುವಾಗ ಆಗಲ್ವಾ ಅಂತ ಒಬ್ಬ ಹುಡುಗ ಅಂದ. ಸರಿ, ಹಾಗಾದರೆ ಬೇಯಿಸುವ ತನಕ ಆ ಬಣ್ಣ ಒಳಗೇ ಯಾಕೆ ಇತ್ತು? ಬಣ್ಣ ನೀರಲ್ಲಿ ಕರಗುತ್ತೆ, ಸುತ್ತ ನೀರಿದೆ, ಆದರೂ ಹೊರಗೆ ಬರಲಿಲ್ಲ. ಯಾರೋ ಹಿಡಿದಿಟ್ಟಿದ್ದಾರೆ. ಈ ಪ್ರಶ್ನೆ ಕೇಳಿದ ಮೇಲೆ ತರಗತಿಯ ಕಳೆಯೇ ಬದಲಾಯಿತು.

ಬಣ್ಣ ಇರುವುದು ಕೋಶದ ರಸದಾನಿಯಲ್ಲಿ, ಅಂದರೆ ಕೋಶದೊಳಗಿನ ರಸ ತುಂಬಿದ ಚೀಲದಲ್ಲಿ. ಅದನ್ನು ಹಿಡಿದಿಟ್ಟಿರುವುದು ಎರಡು ಪೊರೆ, ಒಂದು ರಸದಾನಿಯದು, ಇನ್ನೊಂದು ಕೋಶದ್ದೇ. ಪೊರೆ ಅಂದರೆ ಎರಡು ಪದರ ಕೊಬ್ಬಿನ ಅಣುಗಳು, ನಡುನಡುವೆ ಪ್ರೋಟೀನುಗಳು. ಎಷ್ಟು ತೆಳು ಅಂದರೆ ಲಕ್ಷಕ್ಕೂ ಜಾಸ್ತಿ ಪೊರೆಗಳನ್ನು ಒಂದರ ಮೇಲೊಂದು ಜೋಡಿಸಿದರೆ ಒಂದು ಮಿಲಿಮೀಟರ್ ದಪ್ಪ ಆಗುತ್ತದೆ. ಕಾವು ಜಾಸ್ತಿಯಾದರೆ ಪ್ರೋಟೀನು ಕೆಡುತ್ತದೆ, ಕೊಬ್ಬಿನ ಪದರ ಸಡಿಲವಾಗುತ್ತದೆ, ಬಣ್ಣ ಸೋರುತ್ತದೆ. ಸೋಪಿನ ನೀರಲ್ಲಿಟ್ಟ ತುಂಡೂ ಬಣ್ಣ ಬಿಟ್ಟಿತು. ಕೊರೋನಾ ಕಾಲದಲ್ಲಿ ಸೋಪು ಹಾಕಿ ಕೈ ತೊಳೆಯಿರಿ ಅಂತ ಯಾಕೆ ಹೇಳಿದರು ಅನ್ನುವುದನ್ನೂ ಅಲ್ಲೇ ಹೇಳಿದೆ. ಆ ವೈರಸ್‌ಗೂ ಕೊಬ್ಬಿನದೇ ಹೊದಿಕೆ.

ನಿಜವಾದ ಕಷ್ಟ ಬಂದದ್ದು ಮಾರನೇ ದಿನ, ಈರುಳ್ಳಿಯಲ್ಲಿ. ಉಪ್ಪುನೀರು ಹಾಕಿ ಕೋಶದೊಳಗೆ ಏನಾಗುತ್ತೆ ಅಂತ ನೋಡುವ ಪ್ರಯೋಗ ಅದು. ಇದಕ್ಕೆ ಸಾಮಾನ್ಯವಾಗಿ ರಿಯೋ ಅನ್ನುವ ನೇರಳೆ ಬಣ್ಣದ ಗಿಡದ ಎಲೆ ಬಳಸುತ್ತಾರೆ. ನಮ್ಮಲ್ಲಿ ಆ ಗಿಡ ಇರಲಿಲ್ಲ, ಹಾಗಾಗಿ ಕೆಂಪು ಈರುಳ್ಳಿ ತಗೊಂಡೆ. ಪದರದ ಒಳಮೈಯಿಂದ ಸಿಪ್ಪೆ ಸಲೀಸಾಗಿ ಬರುತ್ತದೆ, ಅದನ್ನೇ ಸ್ಲೈಡ್ ಮೇಲಿಟ್ಟು ಉಪ್ಪುನೀರು ಹಾಕಿದೆ. ಮಕ್ಕಳಿಗೆ ಏನೂ ಕಾಣಲಿಲ್ಲ. ಆ ಸಿಪ್ಪೆಗೆ ಬಣ್ಣವೇ ಇಲ್ಲ! ಬಣ್ಣ ಇರುವುದು ಪದರದ ಹೊರಮೈ ಸಿಪ್ಪೆಯಲ್ಲಿ, ಅಂದರೆ ಉಬ್ಬಿದ ಕಡೆ. ಅದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬ್ಲೇಡಿನಿಂದ ಚಿಕ್ಕ ಚೌಕ ಗೀಚಿ, ಮೂಲೆಯಿಂದ ಚಿಮಟದಲ್ಲಿ ನಿಧಾನ ಎತ್ತಬೇಕು. ಎತ್ತಿದ ಕೂಡಲೇ ನೀರಿನ ಹನಿಗೆ ಹಾಕಬೇಕು, ಇಲ್ಲದಿದ್ದರೆ ಸುರುಳಿ ಸುತ್ತಿಕೊಳ್ಳುತ್ತದೆ.

ಉಪ್ಪಿನ ಲೆಕ್ಕ ನನಗೆ ಸರಿಹೋದದ್ದು 100 ಮಿಲಿ ನೀರಿಗೆ 5 ಗ್ರಾಂ. ಸಿಪ್ಪೆಯ ಮೇಲೆ ಮುಚ್ಚಿದ ತೆಳು ಗಾಜಿನ, ಅಂದರೆ ಕವರ್‌ಸ್ಲಿಪ್‌ನ ಒಂದು ಅಂಚಿಗೆ ಒಂದು ಹನಿ ಬಿಟ್ಟು, ಎದುರಿನ ಅಂಚಿಗೆ ಫಿಲ್ಟರ್ ಪೇಪರಿನ ಚೂರು ತಾಗಿಸಿದರೆ ಉಪ್ಪುನೀರು ಸಿಪ್ಪೆಯ ಕೆಳಗೆ ಹರಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೂರು ಪಟ್ಟು ದೊಡ್ಡದು ಮಾಡಿ ನೋಡಿ. ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳು, ಪ್ರತಿಯೊಂದರಲ್ಲೂ ಅಂಚಿನ ತನಕ ತುಂಬಿದ ನೇರಳೆ ಬಣ್ಣ. ಸ್ವಲ್ಪ ಹೊತ್ತಿಗೆ ಆ ಬಣ್ಣ ಮೂಲೆಗಳಿಂದ ಹಿಂದೆ ಸರಿಯುತ್ತದೆ, ಗೋಡೆ ನಿಂತಲ್ಲೇ ನಿಂತಿರುತ್ತದೆ, ಬಣ್ಣ ಮಾತ್ರ ಕುಗ್ಗಿ ಕುಗ್ಗಿ ಗಾಢವಾಗಿ ನಡುವೆ ಒಂದು ಮುದ್ದೆಯಾಗುತ್ತದೆ. ನೀರು ಹೊರಗೆ ಹೋಯಿತು, ಬಣ್ಣ ಹೋಗಲಿಲ್ಲ. ಚಿತ್ರದಲ್ಲಿ ಅಂಟಿಕೊಂಡೇ ಇದ್ದ ಎರಡು ಗೆರೆ ಇಲ್ಲಿ ಕಣ್ಣೆದುರೇ ಬೇರೆಬೇರೆಯಾದವು. "ಮಿಸ್, ಉಪ್ಪಿನಕಾಯಿಗೆ ಹಾಕಿದ ಮಿಡಿ ಸುಕ್ಕಾಗೋದು ಹೀಗೇನಾ?" ಅಂತ ಒಬ್ಬಳು ಕೇಳಿದಳು. ಹೀಗೇ. ಉಪ್ಪು ಜಾಸ್ತಿ ಇರುವ ಕಡೆಗೆ ನೀರು ಹೀಗೆ ಪೊರೆ ದಾಟಿ ಹೋಗುವುದೇ ಅಭಿಸರಣೆ. ಆ ಪದವನ್ನು ನಾನು ಬೋರ್ಡ್ ಮೇಲೆ ಬರೆದದ್ದು ಆಮೇಲೆ.

ತಡ ಮಾಡದೆ ಉಪ್ಪುನೀರು ತೆಗೆದು ಬರೀ ನೀರು ಹರಿಸಿದರೆ ಬಹಳಷ್ಟು ಕೋಶಗಳು ಮತ್ತೆ ತುಂಬಿಕೊಳ್ಳುತ್ತವೆ. ಉಪ್ಪು ಜಾಸ್ತಿಯಾದರೆ, ತುಂಬಾ ಹೊತ್ತು ಬಿಟ್ಟರೆ ತುಂಬುವುದಿಲ್ಲ, ಪೊರೆ ಹಾಳಾಗಿರುತ್ತದೆ. ಒಂದು ಸಿಪ್ಪೆಯನ್ನು ಮೊದಲೇ ಕುದಿಸಿ ಅದನ್ನೂ ಪಕ್ಕದಲ್ಲಿಡಿ, ಇದನ್ನು ಮಾತ್ರ ಬಿಡಬೇಡಿ. ಕುದಿಸಿದ್ದರಲ್ಲಿ ಬಣ್ಣ ಸೋರಿರುತ್ತದೆ, ಉಪ್ಪು ಹಾಕಿದರೂ ಏನೂ ಕುಗ್ಗುವುದಿಲ್ಲ. ಗೋಡೆ ಎರಡರಲ್ಲೂ ಇದೆ, ಪೊರೆಯ ಕೆಲಸ ಒಂದರಲ್ಲಿ ಮಾತ್ರ.

ಮುಂದಿನ ವಾರ, ಉಪ್ಪಿನಕಾಯಿ ಪ್ರಶ್ನೆ ಕೇಳಿದ ಅದೇ ಹುಡುಗಿ ಮನೆಯಿಂದ ಒಂದು ಹಳೇ ಈರುಳ್ಳಿ ತಂದಳು. ಮೆತ್ತಗಾಗಿತ್ತು, ತುದಿಯಲ್ಲಿ ಹಸಿರು ಮೊಳಕೆ. ಅವರಮ್ಮ ಎಸೆಯಲು ಇಟ್ಟಿದ್ದರಂತೆ. ಸಿಪ್ಪೆ ಎತ್ತಿದ್ದು, ಉಪ್ಪುನೀರು ಬಿಟ್ಟಿದ್ದು ಎಲ್ಲಾ ಅವಳೇ. ತುಂಬಾ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ತಲೆ ಎತ್ತದೇ ಹೇಳಿದಳು, "ಕುಗ್ತಾ ಇದೆ ಮಿಸ್, ಜೀವ ಇದೆ."